ಹೊಸ ಬ್ಯಾಟರಿ ತರೋ ಮೊದಲು ಮೀಟರ್ ಇಟ್ಟು ನೋಡಿ

ಈ ಸಲ ಹಳೇ ಕಾರಿನವರ ಪತ್ರಗಳೇ ಜಾಸ್ತಿ. ಮಾರುತಿ 800, ಓಮ್ನಿ, ಪದ್ಮಿನಿ. ಎಲ್ಲರ ದೂರೂ ಕರೆಂಟಿನದ್ದೇ. ಬರೆದವರಲ್ಲಿ ಹೆಚ್ಚಿನವರು ಮೊದಲು ಸಾಮಾನು ಬದಲಾಯಿಸಿದ್ದಾರೆ, ದುಡ್ಡು ಹೋದ ಮೇಲೆ ಪತ್ರ ಬರೆದಿದ್ದಾರೆ. ಅಳೆದು ನೋಡಿದವರು ಒಬ್ಬರೂ ಇಲ್ಲ. ವೋಲ್ಟು, ಆಂಪಿಯರ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಅದೊಂದನ್ನು ತಂದಿಟ್ಟುಕೊಂಡು ಮುಂದಕ್ಕೆ ಓದಿ.

ಮೈಸೂರಿನಿಂದ: ಸಾರ್, ನನ್ನದು 1997ರ ಮಾರುತಿ 800. ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಅಂತ ಸದ್ದು, ಅಷ್ಟೇ. ನಾಲ್ಕೈದು ಸಲ ತಿರುಗಿಸಿದರೆ ಒಮ್ಮೊಮ್ಮೆ ಸೆಲ್ಫ್ ಹೊಡೆಯುತ್ತದೆ. ಬ್ಯಾಟರಿ ಹೊಸದು ಹಾಕಿಸಿದೆ. ಸೆಲ್ಫ್ ಮೋಟರ್ ಬಿಚ್ಚಿಸಿ ಕಾರ್ಬನ್ ಬ್ರಷ್ ಬದಲಾಯಿಸಿದೆ. ಹದಿನೈದು ದಿನ ಚೆನ್ನಾಗಿತ್ತು, ಮತ್ತೆ ಅದೇ ರಗಳೆ. ಈಗ ಪೂರ್ತಿ ಮೋಟರನ್ನೇ ಬದಲಾಯಿಸಿ ಅಂತಾರೆ. ಬದಲಾಯಿಸಲಾ?

ಬೇಡ, ಸ್ವಲ್ಪ ತಡೆಯಿರಿ. ಬ್ಯಾಟರಿಯಿಂದ ಹೊರಟ ಕರೆಂಟ್ ಸೆಲ್ಫ್‌ಗೆ ತಲುಪಿದರೆ ಸಾಲದು, ವಾಪಸ್ ಬ್ಯಾಟರಿಗೆ ಬರಬೇಕು ಅಲ್ವಾ? ಆ ವಾಪಸ್ ದಾರಿಯನ್ನು ಯಾರೂ ನೋಡುವುದಿಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದಕ್ಕೂ ಬ್ಯಾಟರಿಯ ನೆಗೆಟಿವ್‌ಗೂ ಇರುವ ನಂಟು ಒಂದು ದಪ್ಪ ಅರ್ಥ್ ಕೇಬಲ್ ಮಾತ್ರ. ಇಪ್ಪತ್ತೈದು ವರ್ಷ ದಾಟಿದ ಕಾರಿನಲ್ಲಿ ಆ ಕೇಬಲ್ಲಿನ ತುದಿ ಹೇಗಿರುತ್ತದೆ ಅಂತ ಬೋಲ್ಟ್ ಬಿಚ್ಚಿ ನೋಡಿ. ಮೇಲೆ ಎಣ್ಣೆ, ಮಣ್ಣು. ಕೆಳಗೆ ಹಸಿರು ಕಿಲುಬು. ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ, ಅಂದರೆ ಲಗ್ಗಿನ ಒಳಗೆ ತಂತಿಯ ಎಳೆಗಳು ಪುಡಿಪುಡಿ.

ಇಲ್ಲೊಂದು ಮೋಸ ಇದೆ. ನಿಮ್ಮ ಎಲೆಕ್ಟ್ರಿಷಿಯನ್ ಮೀಟರನ್ನು ಬೀಪ್‌ಗೆ ಇಟ್ಟು ಕೇಬಲ್ಲಿನ ಎರಡೂ ತುದಿ ಮುಟ್ಟಿಸಿ ನೋಡಿರಬಹುದು. ‘ಬೀಪ್’ ಅಂದಿರುತ್ತದೆ. ಎಲ್ಲಾ ಎಳೆ ಹೋಗಿ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ! ಸೆಲ್ಫ್ ತಿರುಗುವಾಗ ಎಳೆಯುವುದು ಸುಮಾರು 100 ಆಂಪಿಯರ್, ಕೆಲವೊಮ್ಮೆ ಅದಕ್ಕೂ ಮೇಲೆ. ಅಷ್ಟು ಕರೆಂಟ್ ಹರಿಯುವಾಗ ಜಾಯಿಂಟಿನಲ್ಲಿ 0.01 ಓಮ್ ತಡೆ ಇದ್ದರೂ ಒಂದು ವೋಲ್ಟ್ ಅಲ್ಲೇ ಮಾಯ. 0.01 ಓಮ್ ಅನ್ನು ನಮ್ಮ ನಿಮ್ಮ ಮೀಟರ್ ಅಳೆಯಲಾರದು. ಅದಕ್ಕೇ ಓಮ್ ಅಳೆಯಬೇಡಿ, ಕೆಲಸ ನಡೆಯುತ್ತಿರುವಾಗ ವೋಲ್ಟ್ ಅಳೆಯಿರಿ.

ಹೀಗೆ ಮಾಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಎಂಜಿನ್ ಸ್ಟಾರ್ಟ್ ಆಗದ ಹಾಗೆ ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ವೈರ್ ತೆಗೆದು, ಎಲ್ಲೂ ತಾಗದಂತೆ ಪಕ್ಕಕ್ಕಿಡಿ. ಮೀಟರ್ 20 ವೋಲ್ಟ್ ಡಿಸಿಗೆ ಇರಲಿ. ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ, ಅದಕ್ಕೆ ಬಿಗಿದ ಕ್ಲಾಂಪಿಗಲ್ಲ, ಕಂಬಕ್ಕೆ. ಇನ್ನೊಂದನ್ನು ಎಂಜಿನ್ನಿನ ಮೇಲೆ ತುಕ್ಕು, ಬಣ್ಣ ಎರಡೂ ಇಲ್ಲದ ಜಾಗಕ್ಕೆ ಒತ್ತಿ. ಮನೆಯಲ್ಲಿ ಯಾರಾದರೂ ಕೀ ತಿರುಗಿಸಲಿ. ಮೀಟರ್ 0.2, ಹೆಚ್ಚೆಂದರೆ 0.3 ವೋಲ್ಟ್ ತೋರಿಸಿದರೆ ಅರ್ಥ್ ಸರಿಯಾಗಿದೆ. ಅರ್ಧ, ಒಂದು, ಎರಡು ಅಂತ ಏರಿದರೆ ಕಳ್ಳ ಸಿಕ್ಕ ಅಂತಲೇ ಲೆಕ್ಕ. ಆಮೇಲೆ ಪಾಸಿಟಿವ್ ಕಡೆಯೂ ಹೀಗೇ: ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ. ಅಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಬರಬಾರದು. ಕೊನೆಗೆ ಬ್ಯಾಟರಿಯ ಎರಡು ಕಂಬಗಳ ನಡುವೆ ನೋಡಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನೇ ಅನುಮಾನಿಸಿ, ಹೊಸದಾಗಿದ್ದರೂ.

ಮೀಟರ್ ಇಲ್ಲದಿದ್ದರೆ ಒಂದು ಜಂಪರ್ ಕೇಬಲ್ ತೆಗೆದುಕೊಂಡು ಬ್ಯಾಟರಿ ನೆಗೆಟಿವ್‌ನಿಂದ ನೇರ ಎಂಜಿನ್ನಿಗೆ ಹಾಕಿ ಕೀ ತಿರುಗಿಸಿ. ಸೆಲ್ಫ್ ಗರ್ ಅಂತ ತಿರುಗಿತೋ, ಮುಗಿಯಿತು ವಿಷಯ. ಹೊಸ ಅರ್ಥ್ ಕೇಬಲ್ ಹಾಕಿಸಿ, ಮೋಟರಿನ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ. ಇನ್ನೊಂದು ಗುರುತು: ಸೆಲ್ಫ್ ಹೊಡೆದಾಗ ಕ್ಲಚ್ ಕೇಬಲ್ ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತಿದೆಯಾ ನೋಡಿ. ಅರ್ಥ್ ಕೆಟ್ಟಾಗ ಕರೆಂಟ್ ಆ ಉಕ್ಕಿನ ಕೇಬಲ್ ಹಿಡಿದುಕೊಂಡೇ ವಾಪಸ್ ಹೋಗುತ್ತದೆ. ಕೇಬಲ್ಲಿನ ಹೊರಗಿನ ಪ್ಲಾಸ್ಟಿಕ್ ಕರಗಿ, ಕ್ಲಚ್ ಬಿಗಿಯಾಗಿ, ಜನ ಕ್ಲಚ್ ಕೇಬಲ್ ಮೇಲೆ ಕ್ಲಚ್ ಕೇಬಲ್ ಬದಲಾಯಿಸುತ್ತಾ ಇರುತ್ತಾರೆ.

ಹದಿನೈದು ದಿನ ಯಾಕೆ ಚೆನ್ನಾಗಿತ್ತು ಅಂತೀರಾ? ಮೋಟರ್ ಬಿಚ್ಚಿ ಹಾಕುವಾಗ ಬೋಲ್ಟು, ಟರ್ಮಿನಲ್ಲು ಎಲ್ಲಾ ಒಂದು ಸಲ ಉಜ್ಜಿಕೊಂಡಿರುತ್ತವೆ. ಹೆಸರು ಬ್ರಷ್‌ಗೆ ಬಂತು.

ಶಿರಸಿಯಿಂದ: ಕಾರು ಮೂರು ದಿನ ನಿಂತರೆ ಬ್ಯಾಟರಿ ಸಂಪೂರ್ಣ ಡೌನ್. ದಿನಾ ಓಡಿಸಿದರೆ ತೊಂದರೆ ಇಲ್ಲ. ವರ್ಷದಲ್ಲಿ ಇದು ಎರಡನೇ ಬ್ಯಾಟರಿ. ಅಂಗಡಿಯವರು ‘ಕಾರು ಓಡಿಸ್ತಾ ಇರಿ’ ಅಂತಾರೆ.

ಓಡಿಸದೆ ಇಟ್ಟರೂ ಮೂರು ದಿನಕ್ಕೆ ಒಳ್ಳೆ ಬ್ಯಾಟರಿ ಇಳಿಯಬಾರದು. ಎಲ್ಲೋ ಕರೆಂಟ್ ಸೋರುತ್ತಿದೆ. ಸುಮ್ನೆ ಲೆಕ್ಕ ಹಾಕಿ ನೋಡಿ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಅಂತಿಟ್ಟುಕೊಳ್ಳಿ. 0.3 ಆಂಪಿಯರ್ ಸೋರಿದರೆ 116 ಗಂಟೆಗೆ ಪೂರ್ತಿ ಖಾಲಿ, ಅಂದರೆ ಐದು ದಿನಕ್ಕೂ ಕಡಿಮೆ. ಸೆಲ್ಫ್ ಹೊಡೆಯುವ ತಾಕತ್ತು ಅದಕ್ಕಿಂತ ಬಹಳ ಮೊದಲೇ ಹೋಗುತ್ತದೆ. ನಿಮ್ಮ ಮೂರು ದಿನ ಸರಿಯಾಗಿ ಹೊಂದಿತು ಅಲ್ವಾ?

ಎಲ್ಲಾ ಆಫ್ ಮಾಡಿ, ಬಾಗಿಲು ಹಾಕಿ, ನೆಗೆಟಿವ್ ಕೇಬಲ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿ ಕಂಬಕ್ಕೂ ನಡುವೆ ಸೇರಿಸಿ. ಈ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ, ಇಲ್ಲವೇ ಮೀಟರೇ ಸುಡಬಹುದು. 0.05, ಅಂದರೆ 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ, ಗಡಿಯಾರ ಮತ್ತು ಸ್ಟೀರಿಯೋ ನೆನಪಿಗೆ ಅಷ್ಟು ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ಧಡಕ್ಕನೆ ಇಳಿಯಿತೋ ಆ ದಾರಿ ಹಿಡಿಯಿರಿ.

ನನ್ನ ಮೊದಲ ಅನುಮಾನ ಸ್ಟೀರಿಯೋ ಮೇಲೆ. ಹೊರಗೆ ಹಾಕಿಸಿದ ಸ್ಟೀರಿಯೋಗಳಲ್ಲಿ ಹಳದಿ ವೈರ್ ಬ್ಯಾಟರಿಗೆ, ಕೆಂಪು ವೈರ್ ಕೀ ಆನ್ ಮಾಡಿದರೆ ಮಾತ್ರ ಕರೆಂಟ್ ಬರುವ ಜಾಗಕ್ಕೆ ಹೋಗಬೇಕು. ಅಂಗಡಿಯವರು ಅವಸರಕ್ಕೆ ಎರಡನ್ನೂ ಹೊಸೆದು ಒಂದೇ ಕಡೆ ಟೇಪ್ ಸುತ್ತಿರುತ್ತಾರೆ. ಎರಡನೇ ಅನುಮಾನ ಬಾಗಿಲ ಸ್ವಿಚ್ಚು. ಮಳೆ ಊರಿನಲ್ಲಿ ತುಕ್ಕು ಹಿಡಿದು ಒಳಗಿನ ಕಾಂಟ್ಯಾಕ್ಟ್ ಕಚ್ಚಿಕೊಂಡು, ಬಾಗಿಲು ಹಾಕಿದರೂ ರೂಫ್ ಲೈಟ್ ಉರಿಯುತ್ತಲೇ ಇರುತ್ತದೆ, 5 ವ್ಯಾಟ್ ಬಲ್ಬೇ 0.4 ಆಂಪಿಯರ್ ತಿನ್ನುತ್ತದೆ. ಎಲ್ಲಾ ಫ್ಯೂಸ್ ಕಿತ್ತರೂ ಸೋರಿಕೆ ನಿಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ನೋಡಿ. ಬಿಚ್ಚುವಾಗ ಬ್ಯಾಟರಿ ನೆಗೆಟಿವ್ ತೆಗೆದಿರಬೇಕು, ಆಮೇಲೆ ಮತ್ತೆ ಮೀಟರ್ ಸೇರಿಸಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಕೆಟ್ಟರೆ ಕರೆಂಟ್ ಹಿಂದಕ್ಕೆ ಹರಿಯುತ್ತದೆ.

ಹೀಗೆ ಪದೇ ಪದೇ ಪೂರ್ತಿ ಇಳಿದ ಬ್ಯಾಟರಿ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಮೂರನೆಯದನ್ನು ತರುವ ಮೊದಲು ಸೋರಿಕೆ ನಿಲ್ಲಿಸಿ.

ಹಾಸನದಿಂದ: ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡಿದರೆ ಡೈನಮೋ ಸರಿ ಇದೆಯಾ ಗೊತ್ತಾಗುತ್ತೆ ಅಂತಾರಲ್ಲ, ಮಾಡಬಹುದಾ?

ಮಾಡಬೇಡಿ. ನಾವು ಬಾಯಿಮಾತಿಗೆ ಡೈನಮೋ ಅಂತೀವಿ, ನಿಮ್ಮ ಕಾರಿನಲ್ಲಿರುವುದು ಆಲ್ಟರ್ನೇಟರ್. ಓಡುತ್ತಿರುವಾಗ ಬ್ಯಾಟರಿ ತಪ್ಪಿಸಿದರೆ ವೋಲ್ಟೇಜ್ ಒಮ್ಮೆಲೇ ನೆಗೆಯುತ್ತದೆ. ಡಯೋಡ್, ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್, ಸ್ಟೀರಿಯೋ, ಕಂಪ್ಯೂಟರೇ ಪೆಟ್ರೋಲ್ ಅಳೆದು ಬಿಡುವ ಎಂಪಿಎಫ್‌ಐ ಕಾರಾಗಿದ್ದರೆ ಅದರ ಕಂಪ್ಯೂಟರ್, ಯಾವುದು ಬೇಕಾದರೂ ಸುಡಬಹುದು. ಪರೀಕ್ಷೆ ಬಹಳ ಸುಲಭ ಇದೆ. ಎಂಜಿನ್ ನಿಂತಿದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು, ಓಡುವಾಗ 13.8ರಿಂದ 14.4. ಏರಲೇ ಇಲ್ಲ ಅಂದರೆ ಚಾರ್ಜಿಂಗ್ ಇಲ್ಲ, ಮೊದಲು ಬೆಲ್ಟ್ ಸಡಿಲವಾ ನೋಡಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಬೇಗ ಬೇಗ ಆರುತ್ತಿರಬೇಕು ನಿಮಗೆ.

ಕುಂದಾಪುರದಿಂದ: ಓಮ್ನಿಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಎಡಗಡೆ ಇಂಡಿಕೇಟರ್ ಮಂದವಾಗಿ ಉರಿಯುತ್ತದೆ. ಇಂಡಿಕೇಟರ್ ಹಾಕಿದರೆ ಟೇಲ್ ಲ್ಯಾಂಪ್ ಮಿಣುಕುತ್ತದೆ! ವೈರ್ ಎಲ್ಲೋ ಶಾರ್ಟ್ ಆಗಿದೆ, ಪೂರ್ತಿ ವೈರಿಂಗ್ ಬದಲಾಯಿಸಬೇಕು ಎನ್ನುತ್ತಾರೆ ಇಲ್ಲಿನ ಎಲೆಕ್ಟ್ರಿಷಿಯನ್.

ಯಾವುದೂ ಶಾರ್ಟ್ ಆಗಿಲ್ಲ. ಆ ಎಡಗಡೆ ಲ್ಯಾಂಪಿನ ಅರ್ಥ್ ಕಡಿದಿದೆ. ಉಪ್ಪುಗಾಳಿಯ ಊರಿನಲ್ಲಿ ಇದು ಮಾಮೂಲಿ. ಬ್ರೇಕ್ ಮತ್ತು ಟೇಲ್ ಎರಡಕ್ಕೂ ಒಂದೇ ಬಲ್ಬು, ಒಳಗೆ ಎರಡು ತಂತಿ, 21 ವ್ಯಾಟ್ ಮತ್ತು 5 ವ್ಯಾಟ್. ಪಕ್ಕದಲ್ಲಿ ಇಂಡಿಕೇಟರ್ ಬಲ್ಬು. ಎಲ್ಲಕ್ಕೂ ಅರ್ಥ್ ಒಂದೇ. ಅದು ಕಡಿದಾಗ ಬ್ರೇಕಿನ ಕರೆಂಟ್ ಬಾಡಿಗೆ ಇಳಿಯಲಾರದೆ ಇಂಡಿಕೇಟರ್ ಬಲ್ಬಿನೊಳಗೆ ಹಿಂಬಾಗಿಲಿನಿಂದ ನುಗ್ಗಿ, ಅದರ ವೈರ್ ಹಿಡಿದು ಮುಂದಿನ ಇಂಡಿಕೇಟರಿನ ತನಕ ಹೋಗಿ, ಅಲ್ಲಿ ಅರ್ಥ್ ಆಗುತ್ತದೆ. ಎರಡು ಮೂರು ಬಲ್ಬು ಸಾಲಾಗಿ ಸೇರಿದ್ದರಿಂದ ಎಲ್ಲವೂ ಮಂದ.

ಉದ್ದನೆಯ ವೈರ್ ಒಂದನ್ನು ಬ್ಯಾಟರಿ ನೆಗೆಟಿವ್‌ನಿಂದ ಲ್ಯಾಂಪಿನ ಅರ್ಥ್ ಜಾಗಕ್ಕೆ ಮುಟ್ಟಿಸಿ. ನಾಟಕ ಅಲ್ಲೇ ನಿಲ್ಲುತ್ತದೆ. ಆಮೇಲೆ ಲ್ಯಾಂಪಿನಿಂದ ಹೊರಡುವ ಅರ್ಥ್ ವೈರ್, ಸಾಮಾನ್ಯವಾಗಿ ಕಪ್ಪು, ಬಾಡಿಗೆ ಎಲ್ಲಿ ಸ್ಕ್ರೂ ಆಗಿದೆ ಹುಡುಕಿ. ಸ್ಕ್ರೂ ತೆಗೆದು, ಪೇಂಟು ತುಕ್ಕು ಎಲ್ಲಾ ಹೋಗಿ ತಗಡು ಹೊಳೆಯುವ ತನಕ ಉಜ್ಜುಕಾಗದ ಹಾಕಿ, ಹೊಸ ಲಗ್ ಕ್ರಿಂಪ್ ಮಾಡಿ ಬಿಗಿಯಿರಿ. ಬಿಗಿದ ಮೇಲೆ ಗ್ರೀಸ್ ಸವರಿ. ಹೋಲ್ಡರಿನಲ್ಲೇ ಕಿಲುಬು ಇದ್ದರೆ ಹೋಲ್ಡರ್ ಬದಲಾಯಿಸಿ. ಪೂರ್ತಿ ವೈರಿಂಗ್ ಹೊಸದು ಹಾಕಿದರೂ ಆ ತುಕ್ಕು ಸ್ಕ್ರೂಗೇ ಮತ್ತೆ ಕಟ್ಟಿದರೆ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಉರಿದೇ ಉರಿಯುತ್ತದೆ.

ದಾವಣಗೆರೆಯಿಂದ: ಅಪ್ಪನ ಕಾಲದ ಪದ್ಮಿನಿ. ಹೆಡ್‌ಲೈಟ್ ಮಂದ ಅಂತ 100/90 ವ್ಯಾಟ್ ಹ್ಯಾಲೊಜನ್ ಹಾಕಿಸಿದೆ. ಹೆಚ್ಚೇನೂ ಬೆಳಕು ಬರಲಿಲ್ಲ, ಸ್ವಿಚ್ ಮಾತ್ರ ಬಿಸಿಯಾಗಿ ಸುಟ್ಟ ವಾಸನೆ ಬರ್ತಿದೆ.

ಇವತ್ತೇ ಆ ಬಲ್ಬು ತೆಗೆಯಿರಿ. ಆ ಕಾಲದ ಸಾದಾ ಬಲ್ಬುಗಳು 40–45 ವ್ಯಾಟಿನವು, ಎರಡಕ್ಕೂ ಸೇರಿ ಏಳೆಂಟು ಆಂಪಿಯರ್. ಈಗ ನೀವು ಹಾಕಿರುವುದು ಹೈಬೀಮಿನಲ್ಲಿ 16 ಆಂಪಿಯರ್ ದಾಟುತ್ತದೆ. ಅಷ್ಟೂ ಕರೆಂಟ್ ಡ್ಯಾಶ್‌ಬೋರ್ಡಿನ ಹಳೇ ಸ್ವಿಚ್ಚಿನ ಮೂಲಕವೇ ಹೋಗಬೇಕು. ವೋಲ್ಟೇಜ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಬಲ್ಬಿಗೆ ಹತ್ತು ಶೇಕಡಾ ವೋಲ್ಟೇಜ್ ಕಡಿಮೆ ಬಂದರೆ ಬೆಳಕು ಸುಮಾರು ಮೂವತ್ತು ಶೇಕಡಾ ಕಡಿಮೆಯಾಗುತ್ತದೆ. ನಿಮ್ಮ ಹಳೇ ಬಲ್ಬು ಮಂದವಾಗಿದ್ದದ್ದೂ ಇದೇ ಕಾರಣಕ್ಕೆ ಇರಬೇಕು.

ಫ್ಯೂಸ್ ಬಾಕ್ಸ್ ತೆಗೆಯಿರಿ. ಬಿಳಿ ಪಿಂಗಾಣಿ ಮೈಮೇಲೆ ಲೋಹದ ಪಟ್ಟಿ ಇರುವ ಫ್ಯೂಸ್ ಅಲ್ವಾ ನಿಮ್ಮದು? ಅದನ್ನು ಹಿಡಿದಿರುವ ಹಿತ್ತಾಳೆ ಕ್ಲಿಪ್ ಕಪ್ಪಾಗಿರುತ್ತದೆ. ಪ್ರತಿಯೊಂದನ್ನೂ ತೆಗೆದು ಕ್ಲಿಪ್ ಉಜ್ಜಿ, ಸ್ವಲ್ಪ ಒಳಕ್ಕೆ ಬಾಗಿಸಿ, ಬಿಗಿಯಾಗಿ ಕೂರಿಸಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್ ಕಂಡರೆ ಎಸೆದುಬಿಡಿ, ಅದು ಹಾರುವ ಮೊದಲು ವೈರ್ ಹೊತ್ತಿಕೊಳ್ಳುತ್ತದೆ. ಆಮೇಲೆ ಹೈಬೀಮಿಗೊಂದು ಲೋಬೀಮಿಗೊಂದು ರಿಲೇ ಹಾಕಿಸಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ರಿಲೇಯ 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್, 87ರಿಂದ ಬಲ್ಬಿಗೆ. 85ಕ್ಕೆ ಅರ್ಥ್, 86ಕ್ಕೆ ಹಳೇ ಸ್ವಿಚ್ಚಿನ ವೈರ್. ಈಗ ಸ್ವಿಚ್ಚಿನ ಮೇಲೆ ಬರುವುದು ರಿಲೇ ಕಾಯಿಲಿನ ಪುಟ್ಟ ಕರೆಂಟ್ ಮಾತ್ರ. ಇಷ್ಟಾದ ಮೇಲೆ 60/55 ವ್ಯಾಟ್ ಬಲ್ಬೇ ಸಾಕು, ಹೈವೇಗೂ ಸಾಕು. 100/90 ಹಾಕಿಕೊಂಡು ಎದುರಿನವರ ಕಣ್ಣು ಕುಕ್ಕುವುದು ನನಗಂತೂ ಇಷ್ಟವಿಲ್ಲದ ಕೆಲಸ.

ಸಾಗರದಿಂದ: ಇಲಿ ವೈರ್ ಕಡಿದಿದೆ. ಟೇಪ್ ಸುತ್ತಿದರೆ ಸಾಕಾ, ಪೂರ್ತಿ ವೈರಿಂಗ್ ಬದಲಾಯಿಸಬೇಕಾ?

ಒಂದೆರಡು ವೈರ್ ಮಾತ್ರ ಕಡಿದಿದ್ದರೆ, ಕಡಿದ ಜಾಗವನ್ನು ಬೆಸುಗೆ ಹಾಕಿ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ತೊಡಿಸಿದರೆ ಸಾಕು. ಮನೆ ವೈರಿಂಗಿಗೆ ಸುತ್ತುವ ಪಿವಿಸಿ ಟೇಪ್ ಎಂಜಿನ್ ಬಿಸಿಗೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ. ತಂಬಾಕು ಎಲೆ, ನುಸಿಗುಳಿಗೆ ಇಡುವವರು ಇದ್ದಾರೆ. ವಾಸನೆ ಇರುವ ತನಕ ಸ್ವಲ್ಪ ಉಪಯೋಗ, ಅಷ್ಟೇ. ಅದಕ್ಕಿಂತ ಕಾರನ್ನು ಅಡಿಕೆ ಮೂಟೆ, ಭತ್ತದ ಚೀಲದ ಪಕ್ಕ ನಿಲ್ಲಿಸುವುದು ಬಿಡಿ. ರಾತ್ರಿ ಬಾನೆಟ್ ಎತ್ತಿಡುವುದೂ ಒಳ್ಳೆಯದೇ, ಇಲಿಗೆ ಬೇಕಿರುವುದು ಕತ್ತಲೆ ಮತ್ತು ಬೆಚ್ಚಗಿನ ಜಾಗ.

ಇನ್ನು ಪೂರ್ತಿ ವೈರಿಂಗ್. ಯಾವುದಾದರೂ ಹಳೇ ವೈರನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಮೇಲಿನ ಹೊದಿಕೆ ಬಿಸ್ಕತ್ತಿನ ಹಾಗೆ ಮುರಿದರೆ ಬದಲಾಯಿಸಿ, ಇಲಿ ಕಡಿದಿರಲಿ ಬಿಡಲಿ. ಬಳುಕಿದರೆ ಮುಟ್ಟಬೇಡಿ. ಬದಲಾಯಿಸುವುದಾದರೆ ಹಳೇ ಸೆಟ್ಟಿನಲ್ಲಿ ವೈರುಗಳನ್ನು ಸೇರಿಸುವ ಪ್ರತಿ ಕಪ್ಲರ್ ಬಿಚ್ಚುವ ಮೊದಲು ಫೋಟೋ ತೆಗೆದು, ಚೀಟಿ ಅಂಟಿಸಿ. ಬೆಂಗಳೂರಿಗೆ ಬರುವವರಿದ್ದರೆ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ, ಹೋಗುವಾಗ ಹಳೇ ಸೆಟ್ ಜೊತೆಗೇ ಒಯ್ಯಿರಿ. ಒಂದೇ ಮಾಡೆಲ್ ಆದರೂ ವರ್ಷ ಬೇರೆಯಾದರೆ ಕಪ್ಲರ್ ಬೇರೆ ಇರಬಹುದು.