ಓದುಗರ ಪ್ರಶ್ನೆ: ಬೋಸ್ಟನ್ನಿನ ಕೆನಡಿಗಳು

ಪ್ರಶ್ನೆ: ನಮ್ಮಜ್ಜ ಕಾರ್ಕಳ ಕಡೆಯಿಂದ ಮುಂಬೈಗೆ ಬಂದು ಫೋರ್ಟ್‌ನ ಹೋಟೆಲಲ್ಲಿ ಟೇಬಲ್ ಒರೆಸ್ತಾ ನೈಟ್ ಸ್ಕೂಲಲ್ಲಿ ಕಲಿತವ್ರು. ಈಗ ಮಗಳು ಬೋಸ್ಟನ್ನಲ್ಲಿ ಓದ್ತಿದ್ದಾಳೆ, ಅಲ್ಲಿ ಎಲ್ನೋಡಿದ್ರೂ ಕೆನಡಿ ಹೆಸರೇ ಅಂತೆ. ಬರಗಾಲದಲ್ಲಿ ಊರು ಬಿಟ್ಟು ಬಂದ ಐರಿಶ್ ಕುಟುಂಬ ಅಷ್ಟು ಮೇಲೆ ಬಂದಿದ್ದು ಹೇಗೆ?
- ಓದುಗರೊಬ್ಬರು, ಡೊಂಬಿವಲಿ

ಉತ್ತರ: ಎಲ್ರೂ ಪ್ರೆಸಿಡೆಂಟ್ ಜಾನ್ ಕೆನಡಿ ಕಥೆ ಹೇಳ್ತಾರೆ ಸರ್, ನನಗೆ ಮಾತ್ರ ಅವರ ಮುತ್ತಜ್ಜಿ ಬ್ರಿಜೆಟ್ಟೇ ದೊಡ್ಡೋಳು. 1845ರಿಂದ ಐರ್ಲೆಂಡಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಸುಮಾರು 10 ಲಕ್ಷ ಜನ ಸತ್ರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದ್ರು, ಆ ಕಾಲದಲ್ಲೇ ವೆಕ್ಸ್‌ಫರ್ಡ್ ಕಡೆಯ ಪ್ಯಾಟ್ರಿಕ್ ಕೆನಡಿ ಬೋಸ್ಟನ್ನಿಗೆ ಬಂದು ಬಂದರಿನ ಪಕ್ಕದ ಈಸ್ಟ್ ಬೋಸ್ಟನ್ನಲ್ಲಿ ಮರದ ಪೀಪಾಯಿ ಮಾಡೋ ಕೆಲಸ ಹಿಡ್ದ, ಬ್ರಿಜೆಟ್ ಮರ್ಫಿನ ಮದ್ವೆ ಆದ. 1858ರ ನವೆಂಬರ್ 22ಕ್ಕೆ ತೀರ್ಕೊಂಡ. ಕೊನೇ ಮಗ ಪಿ.ಜೆ.ಗೆ ಆಗ ಇನ್ನೂ ವರ್ಷ ತುಂಬಿರ್ಲಿಲ್ಲ!

ನಾಲ್ಕು ಮಕ್ಕಳನ್ನ ಕಟ್ಕೊಂಡು ಬ್ರಿಜೆಟ್ ಅವರಿವರ ಹತ್ರ ದುಡಿದ್ಲು, ಆಮೇಲೆ ಸಣ್ಣದೊಂದು ಅಂಗಡಿನೇ ತಗೊಂಡು ನಡೆಸಿದ್ಲು, ಊರಿಗೆ ಹೊಸಬಳು, ಕೈಯಲ್ಲಿ ಕಾಸಿಲ್ಲ, ಗಂಡ ಇಲ್ಲ, ಇದನ್ನ ಯೋಚ್ನೆ ಮಾಡಿದ್ರೆ ಮೈ ಜುಂ ಅನ್ನುತ್ತೆ. ಮಗ ಪಿ.ಜೆ. ಸ್ಕೂಲ್ ಬಿಟ್ಟು ಡಾಕಲ್ಲಿ ಕೂಲಿ ಮಾಡ್ದ, ದುಡ್ಡು ಕೂಡಿಟ್ಟು ಹೆಂಡದಂಗಡಿ ತೆಗ್ದ. ನಮ್ಮವರ ಹೋಟೆಲ್ ಗಲ್ಲಾ ಇದ್ದಂಗೆ ಅದು, ಕೆಲಸ ಬೇಕಾದೋರು, ಕೈಸಾಲ ಬೇಕಾದೋರು ಎಲ್ಲಾ ಅಲ್ಲಿಗೇ. ಆ ನಂಬಿಕೆ ಮೇಲೇ ರಾಜ್ಯದ ಶಾಸಕ ಆದ, 1895ರಲ್ಲಿ ಜೊತೆಗಾರರ ಕೂಡ ಕೊಲಂಬಿಯಾ ಟ್ರಸ್ಟ್ ಬ್ಯಾಂಕೂ ತೆಗ್ದ.

ಅವನ ಮಗ ಜೋಸೆಫ್ ಹಾರ್ವರ್ಡಲ್ಲಿ ಓದಿ, 1914ರಲ್ಲಿ ಮಾಜಿ ಮೇಯರ್ ಫಿಟ್ಜೆರಾಲ್ಡ್ ಮಗಳು ರೋಸ್‌ನ ಮದ್ವೆ ಆದ. ದೊಡ್ಡ ದುಡ್ಡು ಬಂದಿದ್ದು ಇವನ ಕಾಲದಲ್ಲಿ, ಷೇರು, ಸಿನಿಮಾ, ಆಸ್ತಿ ವ್ಯವಹಾರದಿಂದ, ಹಾಗಾಗಿ ಎಲ್ಲಾ ಬೆವರಿಂದಲೇ ಬಂತು ಅಂತ ನಾನು ಹೇಳಲ್ಲ. 1960ರಲ್ಲಿ ಜೋಸೆಫ್ ಮಗ ಜಾನ್ ಗೆದ್ದು ಅಮೆರಿಕದ ಮೊದಲ ಕ್ಯಾಥೊಲಿಕ್ ಪ್ರೆಸಿಡೆಂಟ್ ಆದ್ರು.

ಮಗಳಿಗೆ ಹೇಳಿ, ಸಮುದ್ರದ ಪಕ್ಕ ಕೆನಡಿ ಲೈಬ್ರರಿ ಇದೆ, ನೋಡ್ಲೇಬೇಕು. ಊರ ನಡುವೆ ಮೊದಲು ಹೈವೇ ಇದ್ದ ಜಾಗದಲ್ಲಿ ರೋಸ್ ಹೆಸರಿನ ಪಾರ್ಕೂ ಇದೆ, ಹೈವೇನ ನೆಲದೊಳಗೆ ಇಳಿಸಿ ಮಾಡಿದ್ದು. ಆದ್ರೆ ಬ್ಲೂ ಲೈನ್ ಹತ್ತಿ ಮ್ಯಾವರಿಕ್ ಸ್ಟೇಷನ್ನಲ್ಲಿ ಇಳಿದು ಈಸ್ಟ್ ಬೋಸ್ಟನ್ ಬೀದಿಲೂ ಒಂದ್ಸಲ ಓಡಾಡ್ಲಿ, ಬ್ರಿಜೆಟ್ ಬದುಕು ಕಟ್ಟಿದ್ದು ಅಲ್ಲೇ. ಈಗ ಅಲ್ಲಿ ಎಲ್ ಸಾಲ್ವಡಾರ್, ಕೊಲಂಬಿಯಾ ಕಡೆಯಿಂದ ಬಂದವ್ರ ಅಂಗಡಿಗಳೇ ಜಾಸ್ತಿ.