ಪಾಪಾಸುಕಳ್ಳಿ ರಸ ಕುಡಿದರೆ ಶುಗರ್ ಇಳಿಯುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಪಾಪಾಸುಕಳ್ಳಿ. ಯಾವುದೋ ವಿಡಿಯೋ ಮನೆಮನೆಗೂ ತಲುಪಿದೆ ಅಂತ ಕಾಣುತ್ತೆ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಅದಕ್ಕೆ ಬಡಾವಣೆ ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಅತ್ತೆಯವರಿಗೆ 62 ವರ್ಷ. ಎಂಟು ವರ್ಷದಿಂದ ಶುಗರ್ ಇದೆ. ಬೆಳಗ್ಗೆ ತಿಂಡಿ ಜೊತೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ತೆಗೆದುಕೊಳ್ಳುತ್ತಾರೆ. ಆದರೂ ಫಾಸ್ಟಿಂಗ್ 148, ಊಟ ಆದ ಮೇಲೆ 236 ಬಂದಿದೆ. ಪಾಪಾಸುಕಳ್ಳಿ ಎಲೆಯನ್ನು ಹಸಿಯಾಗಿ ರುಬ್ಬಿ, ಸೋಸಿ, ಖಾಲಿ ಹೊಟ್ಟೆಗೆ ಕುಡಿದರೆ ಒಂದು ತಿಂಗಳಲ್ಲಿ ಮಾತ್ರೆನೇ ಬಿಡಬಹುದು ಅಂತ ವಿಡಿಯೋದಲ್ಲಿ ಹೇಳಿದ್ದಾರಂತೆ. ಅತ್ತೆ ಹಟ ಹಿಡಿದಿದ್ದಾರೆ. ಮಾಡಿಕೊಡಲಾ? ಹೇಗೆ ಮಾಡೋದು?
— ರಾಜಾಜಿನಗರದ ಸೊಸೆ

ಉತ್ತರ: ಮೊದಲು ಮಾತ್ರೆ ವಿಷಯ. ಬಿಡಬಾರದು, ಒಂದು ದಿನವೂ ಬಿಡಬಾರದು. ಡಾಕ್ಟರ್ ಕಡಿಮೆ ಮಾಡಿದರೆ ಮಾತ್ರ ಕಡಿಮೆ. ನಮ್ಮ ದೊಡ್ಡಪ್ಪ ಯಾರೋ ಕೊಟ್ಟ ಕಷಾಯ ನಂಬಿ ಎರಡು ತಿಂಗಳು ಮಾತ್ರೆ ನಿಲ್ಲಿಸಿದ್ದರು. ಚಪ್ಪಲಿಯೊಳಗೆ ಒಂದು ಸಣ್ಣ ಮೊಳೆ ಎದ್ದಿತ್ತು. ಪಾದಕ್ಕೆ ಸ್ಪರ್ಶವೇ ಇರಲಿಲ್ಲ, ಅದು ಚುಚ್ಚಿದ್ದು ಗೊತ್ತಾಗಿಲ್ಲ. ಸಾಯಂಕಾಲ ದೊಡ್ಡಮ್ಮ ನೆಲ ಒರೆಸುವಾಗ ರಕ್ತದ ಗುರುತು ನೋಡಿ ಕೂಗಿದಾಗಲೇ ಅವರಿಗೆ ತಿಳಿದಿದ್ದು. ಆ ಗಾಯ ಮಾಯಲಿಲ್ಲ, ಕೊನೆಗೆ ಒಂದು ಕಾಲ್ಬೆರಳು ತೆಗೆಯಬೇಕಾಯಿತು. ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಇನ್ನು ಕಳ್ಳಿಯ ಮಾತು. ಅದರಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ, ಇದೆ. ಮೆಕ್ಸಿಕೋದಲ್ಲಿ ಇದು ಔಷಧಿಯೇ ಅಲ್ಲ, ತರಕಾರಿ. ಅಲ್ಲಿ ನೊಪಾಲ್ ಅಂತಾರೆ, ನಮ್ಮಲ್ಲಿ ಬೀನ್ಸ್ ಹೆಚ್ಚಿದ ಹಾಗೆ ಹೆಚ್ಚಿ ದಿನಾ ಅಡುಗೆ ಮಾಡುತ್ತಾರೆ. 1988ರಲ್ಲಿ ಅಲ್ಲಿನ ಡಾಕ್ಟರುಗಳು ಸಕ್ಕರೆ ಕಾಯಿಲೆಯವರಿಗೆ ಅರ್ಧ ಕೆ.ಜಿ.ಯಷ್ಟು ಸುಟ್ಟ ಕಳ್ಳಿ ತಿನ್ನಿಸಿ ನೋಡಿದರು. ಮೂರು ಗಂಟೆಯೊಳಗೆ ರಕ್ತದ ಸಕ್ಕರೆ ಇಳಿದಿತ್ತು. 2014ರಲ್ಲಿ ಅದೇ ದೇಶದಲ್ಲಿ 300 ಗ್ರಾಂ ಬೇಯಿಸಿದ ಕಳ್ಳಿಯನ್ನು ಬೆಳಗಿನ ತಿಂಡಿಯ ಜೊತೆ ಕೊಟ್ಟು ನೋಡಿದಾಗ ತಿಂಡಿ ಆದ ಮೇಲೆ ಏರುವ ಸಕ್ಕರೆ ಕಡಿಮೆ ಏರಿತ್ತು. ಎರಡರಲ್ಲೂ ಪಾಲ್ಗೊಂಡವರು ಸ್ವಲ್ಪ ಜನ. ತಿಂಗಳುಗಟ್ಟಲೆ ನೋಡಿದ್ದೂ ಅಲ್ಲ. ಮಾತ್ರೆ ಬಿಡಿಸುವಷ್ಟು ಬಲ ಆ ಲೆಕ್ಕಕ್ಕೆ ಇಲ್ಲ.

ಈಗ ಆ ವಿಡಿಯೋ ಹೇಳಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ಅಲ್ಲಿ ಬೇಯಿಸಿದ್ದು, ಇಲ್ಲಿ ಹಸಿ. ಅಲ್ಲಿ ಇಡೀ ತುಂಡು, ಇಲ್ಲಿ ಸೋಸಿದ ನೀರು. 2014ರಲ್ಲಿ ಕೊಟ್ಟದ್ದು ತಿಂಡಿ ಜೊತೆ, ಇಲ್ಲಿ ಖಾಲಿ ಹೊಟ್ಟೆ (1988ರಲ್ಲಿ ಮಾತ್ರ ಖಾಲಿ ಹೊಟ್ಟೆಗೆ ಕೊಟ್ಟಿದ್ದರು, ಅದೂ ಅರ್ಧ ಕೆ.ಜಿ. ಸುಟ್ಟದ್ದು). ಕಳ್ಳಿಯಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಅದರ ನಾರು ಮತ್ತು ಲೋಳೆ. ಬೆಂಡೆಕಾಯಿ ಹೆಚ್ಚುವಾಗ ಚಾಕುವಿಗೆ ಎಳೆ ಎಳೆಯಾಗಿ ಅಂಟುತ್ತಲ್ಲ, ಅದೇ ಥರದ ಲೋಳೆ. ಹೊಟ್ಟೆಯಲ್ಲಿ ಅನ್ನ, ಮುದ್ದೆ, ಚಪಾತಿ ಇದ್ದಾಗ ಈ ಲೋಳೆ ಅದರ ಜೊತೆ ಬೆರೆತು, ಸಕ್ಕರೆ ಒಟ್ಟಿಗೇ ರಕ್ತಕ್ಕೆ ನುಗ್ಗದ ಹಾಗೆ ನಿಧಾನ ಮಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ಹೀಗೆ ತಡೆಯುವುದಕ್ಕೆ ಊಟವೇ ಇರುವುದಿಲ್ಲ. ರಾತ್ರಿಯೆಲ್ಲ ಏನೂ ತಿನ್ನದೆ ಇದ್ದರೂ ಬೆಳಗ್ಗೆ 148 ಬರುವುದಕ್ಕೆ ಮುಖ್ಯ ಕಾರಣ ಲಿವರ್ ತನ್ನಷ್ಟಕ್ಕೆ ಬಿಡುವ ಸಕ್ಕರೆ, ಅದರ ಮೇಲೆ ಕೆಲಸ ಮಾಡುವುದು ಮೆಟ್‌ಫಾರ್ಮಿನ್. ಅಂದರೆ ನಿಮ್ಮ ಅತ್ತೆಯವರ 236ಕ್ಕೆ ಕಳ್ಳಿಯಿಂದ ಸ್ವಲ್ಪ ಸಹಾಯ ಆಗಬಹುದು, 148ಕ್ಕೆ ಎಷ್ಟು ಆಗುತ್ತೆ ಅಂತ ಹೇಳಲಾಗದು. ಇನ್ನು ಸೋಸಿ ಚರಟ ಎಸೆದರೆ ನಾರಿನ ಬಹುಪಾಲು ಕಸದ ಬುಟ್ಟಿಗೇ ಹೋಯಿತು, ಅಲ್ವಾ?

ಅವರು ತಿನ್ನಲೇಬೇಕು ಅಂದರೆ ರಸ ಬೇಡ, ಪಲ್ಯ ಮಾಡಿ. ಆದರೆ ಡಾಕ್ಟರಿಗೆ ಒಂದು ಮಾತು ಹೇಳಿದ ಮೇಲೆ. ಇದು ಸುಮ್ನೆ ಹೇಳುವ ಮಾತಲ್ಲ. ಗ್ಲಿಮೆಪಿರೈಡ್ ಸಕ್ಕರೆಯನ್ನು ಬೇಕಾದ್ದಕ್ಕಿಂತ ಕೆಳಗೆ ಎಳೆಯಬಲ್ಲ ಮಾತ್ರೆ. ಇದೇ ಜಾತಿಯ ಇನ್ನೊಂದು ಮಾತ್ರೆಯ ಜೊತೆ ಪಾಪಾಸುಕಳ್ಳಿ ಸೇವಿಸಿದವರೊಬ್ಬರಿಗೆ ಸಕ್ಕರೆ ತೀರಾ ಇಳಿದದ್ದು 2010ರಲ್ಲಿ ವೈದ್ಯರ ಪತ್ರಿಕೆಯಲ್ಲಿ ವರದಿಯಾಗಿತ್ತು. ಕೈ ನಡುಕ, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಹಸಿವು, ಮಾತು ತೊದಲುವುದು ಕಂಡರೆ ತಕ್ಷಣ ಗ್ಲುಕೋಮೀಟರ್ ಹಚ್ಚಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ.

ಪಲ್ಯ ಹೀಗೆ. ಅಂಗೈ ಅಗಲದ ಎಳೆಯ ಎಲೆ ಒಂದೋ ಎರಡೋ ಸಾಕು (ಎಲೆ ಅಂತ ನಾವು ಕರೆಯೋದು, ಅಸಲಿಗೆ ಅದು ಗಿಡದ ಕಾಂಡ). ಬರಿಗೈಯಲ್ಲಿ ಮುಟ್ಟಬೇಡಿ. ದೊಡ್ಡ ಮುಳ್ಳಿಗಿಂತ ಅದರ ಬುಡದಲ್ಲಿ ಗೊಂಚಲಾಗಿರುವ ಕೂದಲಿನಂಥ ಮುಳ್ಳು ಜಾಸ್ತಿ ಕಾಟ ಕೊಡುತ್ತದೆ. ಇಕ್ಕಳದಲ್ಲಿ ಹಿಡಿದು, ಬದನೆಕಾಯಿ ಸುಡುವ ಹಾಗೆ ಗ್ಯಾಸ್ ಉರಿಯ ಮೇಲೆ ತಿರುಗಿಸಿ. ಚಟಪಟ ಅಂತ ಸಣ್ಣ ಮುಳ್ಳೆಲ್ಲ ಉರಿದುಹೋಗುತ್ತದೆ. ಆಮೇಲೆ ನಲ್ಲಿ ಕೆಳಗೆ ಹಿಡಿದು ಚಾಕುವಿನಿಂದ ಹೆರೆಯಿರಿ, ಸುತ್ತಲಿನ ಅಂಚು ಕತ್ತರಿಸಿ ಎಸೆಯಿರಿ. ಸಣ್ಣಗೆ ಹೆಚ್ಚಿ ಉಪ್ಪು ನೀರಿನಲ್ಲಿ ಹತ್ತು ನಿಮಿಷ ಬೇಯಿಸಿದರೆ ಕಡು ಹಸಿರು ಹೋಗಿ ಮಾಸಲು ಹಸಿರಾಗುತ್ತದೆ, ಆಗ ಬೆಂದಿದೆ ಅಂತ ಲೆಕ್ಕ. ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಹಾಕಿ ಬಾಡಿಸಿ. ರುಚಿ ಬೆಂಡೆಕಾಯಿಗೆ ಸ್ವಲ್ಪ ಹುಳಿ ಹಿಂಡಿದ ಹಾಗಿರುತ್ತದೆ. ಈ ಗಿಡ ರಾತ್ರಿ ಹೊತ್ತು ಹುಳಿ ಶೇಖರಿಸಿಕೊಳ್ಳುತ್ತದೆ, ಹಾಗಾಗಿ ಬೆಳಗಿನ ಜಾವ ಕೊಯ್ದರೆ ಹುಳಿ ಜಾಸ್ತಿ, ಬಿಸಿಲೇರಿದ ಮೇಲೆ ಕೊಯ್ದರೆ ಕಮ್ಮಿ. ಅಗಿಯಲು ಹಲ್ಲಿಲ್ಲ ಅನ್ನುವವರು ಬೇಯಿಸಿದ್ದನ್ನೇ ಒಂದು ಲೋಟ ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿ, ಉಪ್ಪು, ಜೀರಿಗೆ ಪುಡಿ ಸೇರಿಸಿ, ಸೋಸದೆ, ಊಟದ ಶುರುವಿನಲ್ಲಿ ಕುಡಿಯಬಹುದು. ಆಯಾ ದಿನದ್ದು ಆಯಾ ದಿನ ಮಾಡಿ, ಫ್ರಿಜ್‌ನಲ್ಲಿ ವಾರಗಟ್ಟಲೆ ಇಡಬೇಡಿ. ಮೊದಲ ದಿನ 50 ಗ್ರಾಂ ಮೀರಬೇಡಿ, ಹೊಟ್ಟೆ ಉಬ್ಬರ, ಭೇದಿ ಆಗುವುದುಂಟು. ಲೋಳೆ ಮಾತ್ರೆಗೂ ಅಡ್ಡ ಬರಬಹುದು. ಅತ್ತೆಯವರ ಮಾತ್ರೆ ಬೆಳಗ್ಗೆ ತಾನೇ, ಹಾಗಾಗಿ ಇದನ್ನು ಮಧ್ಯಾಹ್ನದ ಊಟಕ್ಕೆ ಇಡಿ.

ಉಪಯೋಗ ಆಯಿತೋ ಇಲ್ಲವೋ ಅಂತ ಊಹೆ ಬೇಡ. ಒಂದು ದಿನ ಒಂದು ಮುದ್ದೆ, ಸೊಪ್ಪಿನ ಸಾರು ಊಟ ಮಾಡಿಸಿ, ಶುರು ಮಾಡಿದ ಎರಡು ಗಂಟೆಗೆ ಸಕ್ಕರೆ ನೋಡಿ ಬರೆದಿಡಿ. ಇನ್ನೊಂದು ದಿನ ಅದೇ ಮುದ್ದೆ, ಅದೇ ಸಾರು, ಜೊತೆಗೆ ಈ ಪಲ್ಯ. ಹೀಗೆ ನಾಲ್ಕೈದು ಸಲ ನೋಡಿದರೆ ಅವರ ಮೈಗೆ ಇದು ಹಿಡಿಸುತ್ತಾ ಅಂತ ಅವರ ಕೈಬರಹದಲ್ಲೇ ಸಿಗುತ್ತದೆ. ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. 236 ಬರುತ್ತಿರುವಾಗ ಅವರನ್ನು ಹೇಗೂ ನೋಡಲೇಬೇಕು, ತಡ ಮಾಡಬೇಡಿ.

ಇನ್ನೊಂದು. ಮೆಕ್ಸಿಕೋದವರು ಊಟಕ್ಕೆಂದೇ ಬೆಳೆಸಿದ ಕಳ್ಳಿ ತಿನ್ನುತ್ತಾರೆ. ಅದು ಗಾಂಧಿ ಬಜಾರಿನಲ್ಲೋ ಕೆ.ಆರ್. ಮಾರ್ಕೆಟ್ಟಿನಲ್ಲೋ ಸೊಪ್ಪಿನ ಪಕ್ಕ ಸಿಗುವ ಪದಾರ್ಥ ಅಲ್ಲ. ತುಮಕೂರು ರಸ್ತೆ ಬದಿಯಲ್ಲಿ ಲಾರಿ ಹೊಗೆ ಕುಡಿದು ನಿಂತ ಗಿಡ, ನರ್ಸರಿಯಲ್ಲಿ ಅಂದಕ್ಕೆ ಬೆಳೆಸಿ ಔಷಧಿ ಹೊಡೆದ ಗಿಡ, ಎರಡೂ ತಿನ್ನಬಾರದು. ಸಿಗದೇ ಇದ್ದರೆ ಕೊರಗಬೇಡಿ. ಮನೆಯಲ್ಲಿ ಮೆಂತ್ಯ ಇದೆಯಲ್ಲ! ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ಮೆಂತ್ಯ ಕಾಳಿನ ಮೇಲೆ 1980ರ ದಶಕದಿಂದಲೇ ಕೆಲಸ ಮಾಡಿದ್ದಾರೆ. ಅದರಲ್ಲೂ ಇದೇ ಥರದ ಲೋಳೆ, ಇದೇ ಥರದ ನಾರು. ಬೆಂಡೆಕಾಯಿ, ಹುರುಳಿಕಾಳು, ಸೊಪ್ಪು ತಟ್ಟೆಯಲ್ಲಿ ಜಾಸ್ತಿ ಮಾಡಿ ಅನ್ನ ಕಮ್ಮಿ ಮಾಡಿದರೆ ಕಳ್ಳಿ ಮಾಡುವ ಕೆಲಸವೇ ನಡೆಯುತ್ತದೆ. ಇದಕ್ಕೂ ಡಾಕ್ಟರಿಗೆ ಹೇಳುವ ಮಾತು, ಮೀಟರ್ ಹಚ್ಚುವ ಮಾತು ಎರಡೂ ಅನ್ವಯಿಸುತ್ತದೆ.

ಪ್ರಶ್ನೆ: ಊರಿನ ಬೇಲಿಯಿಂದ ಕಳ್ಳಿ ತಂದು ಇಟ್ಟಿದ್ದೇವೆ. ಮುರಿದರೆ ಬಿಳಿ ಹಾಲು ಬರುತ್ತೆ. ಆ ಹಾಲಲ್ಲೇ ಸತ್ವ ಇರೋದಾ?
— ಕೆಂಗೇರಿ

ಉತ್ತರ: ದಯವಿಟ್ಟು ಮುಟ್ಟಬೇಡಿ, ಕುಡಿಯಲೇಬೇಡಿ. ಅದು ಪಾಪಾಸುಕಳ್ಳಿ ಅಲ್ಲ. ಹಾಲು ಬರುವ ಬೇಲಿ ಕಳ್ಳಿಗಳ ಜಾತಿಯೇ ಬೇರೆ, ನೋಡೋಕೆ ಮಾತ್ರ ಹತ್ತಿರ. ಆ ಹಾಲು ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ, ಹೊಟ್ಟೆಗೆ ಹೋದರೆ ಬಾಯಿ, ಗಂಟಲು, ಕರುಳು ಉರಿದು ವಾಂತಿ, ಭೇದಿ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು. ಹಾಗೇನಾದರೂ ಆದರೆ ಇಪ್ಪತ್ತು ನಿಮಿಷ ಬಿಡದೆ ನೀರು ಹಾಯಿಸಿ ತೊಳೆದು, ಅವತ್ತೇ ಮಿಂಟೋ ಆಸ್ಪತ್ರೆಗೋ ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರವೋ ಹೋಗಿ. ಪಾಪಾಸುಕಳ್ಳಿ ಮುರಿದರೆ ಹಾಲು ಬರುವುದಿಲ್ಲ, ನೀರಿನಂಥ ಲೋಳೆ ಬರುತ್ತದೆ. ಗಿಡ ಯಾವುದು ಅಂತ ಚೂರು ಅನುಮಾನ ಇದ್ದರೂ ಅಡುಗೆಮನೆಗೆ ತರಬೇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕಳ್ಳಿ ಪುಡಿಯ ಕ್ಯಾಪ್ಸೂಲ್ ಸಿಗುತ್ತೆ. ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರೂ ಇದೆ. ತರಿಸಲಾ?
— ಜಯನಗರ

ಉತ್ತರ: ಆ ನಂಬರು ಆಹಾರ ತಯಾರಿಸುವವರ ಪರವಾನಗಿ ಅಷ್ಟೇ. ಸಕ್ಕರೆ ಇಳಿಯುತ್ತೆ ಅಂತ ಯಾರೂ ಪರೀಕ್ಷೆ ಮಾಡಿ ಬರೆದುಕೊಟ್ಟದ್ದಲ್ಲ. ಇನ್ನು ಲೆಕ್ಕ ನೀವೇ ಹಾಕಿ. ನೂರು ಗ್ರಾಂ ಹಸಿ ಕಳ್ಳಿಯಲ್ಲಿ ನಾರು ಇರುವುದೇ ಎರಡು ಗ್ರಾಂ ಚಿಲ್ಲರೆ, ಉಳಿದದ್ದು ಹೆಚ್ಚುಕಮ್ಮಿ ನೀರೇ. 300 ಗ್ರಾಂ ತಿಂದವರಿಗೆ ಆರು ಗ್ರಾಂ ದಾಟಿ ನಾರು ಸಿಕ್ಕಿತು. ಅರ್ಧ ಗ್ರಾಂನ ಒಂದು ಕ್ಯಾಪ್ಸೂಲಿನಲ್ಲಿ ಎಷ್ಟು ಹಿಡಿಸಬಹುದು? ಆ ದುಡ್ಡಿಗೆ ಗ್ಲುಕೋಮೀಟರ್ ಸ್ಟ್ರಿಪ್ ತೆಗೆದುಕೊಳ್ಳಿ.

ಪ್ರಶ್ನೆ: ನಾನು ಆರು ತಿಂಗಳ ಬಸುರಿ, ಶುಗರ್ ಬಂದಿದೆ. ಅಮ್ಮ ಕಳ್ಳಿ ರಸ ಕೊಡ್ತೀನಿ ಅಂತಾರೆ.
— ಯಲಹಂಕ

ಉತ್ತರ: ಬೇಡಮ್ಮ. ಬಸುರಿಯರಿಗೆ ಇದು ಸುರಕ್ಷಿತ ಅಂತ ಹೇಳುವಷ್ಟು ಪರೀಕ್ಷೆ ಆಗಿಲ್ಲ. ನಿಮ್ಮ ಡಾಕ್ಟರ್ ಹೇಳಿದ ಊಟ, ನಡಿಗೆ, ಅವರು ಇನ್ಸುಲಿನ್ ಬರೆದಿದ್ದರೆ ಇನ್ಸುಲಿನ್, ಅಷ್ಟೇ. ಅಮ್ಮನಿಗೆ ನಾನೇ ಬೇಡ ಅಂದೆ ಅಂತ ಹೇಳಿ. ಇದೇ ಸಂಚಿಕೆಗೆ ಬರೆದ ಕಿಡ್ನಿ ತೊಂದರೆಯ ಇಬ್ಬರಿಗೂ ನನ್ನ ಉತ್ತರ ಬೇಡ ಅಂತಲೇ. ಪಾಪಾಸುಕಳ್ಳಿಯಲ್ಲಿ ಆಕ್ಸಲೇಟ್ ಇದೆ, ಕಲ್ಲಾಗುವ ಮೈಯವರಿಗೆ ಆಗಿಬರುವುದಿಲ್ಲ. ಕಿಡ್ನಿ ದುರ್ಬಲ ಇರುವವರಿಗೆ ಅದರ ಪೊಟ್ಯಾಷಿಯಂ ಕೂಡ ಭಾರ.

ಪ್ರಶ್ನೆ: ಚಿತ್ರದುರ್ಗದಿಂದ ತಂದ ಪಾಪಾಸುಕಳ್ಳಿ ಕೆಂಪು ಹಣ್ಣು ಶುಗರ್ ಇರುವ ಅಪ್ಪ ತಿನ್ನಬಹುದಾ? ಡ್ರ್ಯಾಗನ್ ಫ್ರೂಟೂ ಕಳ್ಳಿನೇ ಅಂತಾರೆ, ಹೌದಾ?
— ವಿಜಯನಗರ

ಉತ್ತರ: ಹೌದು, ಡ್ರ್ಯಾಗನ್ ಫ್ರೂಟ್ ಬಿಡುವುದೂ ಕಳ್ಳಿ ಬಳ್ಳಿಯೇ. ಆದರೆ ಹಣ್ಣು ಹಣ್ಣೇ, ಎರಡರಲ್ಲೂ ಸಕ್ಕರೆ ಇದೆ. ಮನೆಯವರು ಕಳ್ಳಿ ಹಣ್ಣಲ್ವಾ ಅಂತ ತಟ್ಟೆ ತುಂಬಾ ಕೊಡುವುದು ಬೇಡ. ಮಧ್ಯಮ ಗಾತ್ರದ್ದು ಒಂದು, ಊಟ ಊಟದ ನಡುವೆ ತಿನ್ನಲಿ, ಜ್ಯೂಸ್ ಮಾಡಬೇಡಿ. ಪಾಪಾಸುಕಳ್ಳಿ ಹಣ್ಣಿನ ಮೇಲೂ ಆ ಕೂದಲು ಮುಳ್ಳು ಇರುತ್ತದೆ, ಮಣ್ಣಿನಲ್ಲಿ ಹೊರಳಾಡಿಸಿ ಬಟ್ಟೆಯಲ್ಲಿ ಒರೆಸಿ ತಿಂದ ನೆನಪು ಬಯಲುಸೀಮೆಯಲ್ಲಿ ಬೆಳೆದವರಿಗೆಲ್ಲ ಇರುತ್ತದೆ. ಬೀಜ ಗಟ್ಟಿ, ಜಾಸ್ತಿ ನುಂಗಿದರೆ ಮಲ ಕಟ್ಟುತ್ತದೆ. ಮಾರನೇ ದಿನ ಮೂತ್ರ ಕೆಂಪಗೆ ಕಂಡರೆ ಗಾಬರಿ ಬೇಡ, ಬೀಟ್‌ರೂಟ್ ತಿಂದಾಗ ಆಗುವಂಥದ್ದೇ. ಹಣ್ಣು ಬಿಟ್ಟ ಮೇಲೂ ಕೆಂಪು ಹೋಗದಿದ್ದರೆ ತೋರಿಸಿ.

ಪ್ರಶ್ನೆ: ಟೆರೇಸಿನ ಪಾಪಾಸುಕಳ್ಳಿ ಮೇಲೆ ಹತ್ತಿಯಂಥ ಬಿಳಿ ಚುಕ್ಕೆ. ಒರೆಸಿದರೆ ಬೆರಳೆಲ್ಲ ರಕ್ತದ ಹಾಗೆ ಕೆಂಪಾಯಿತು. ಜೊತೆಗೆ ಸಣ್ಣ ಮುಳ್ಳೂ ಚುಚ್ಚಿಕೊಂಡಿದೆ, ಕಣ್ಣಿಗೇ ಕಾಣಲ್ಲ. ಏನು ಮಾಡಲಿ?
— ಹನುಮಂತನಗರ

ಉತ್ತರ: ಆ ಕೆಂಪು ನಿಮ್ಮ ರಕ್ತ ಅಲ್ಲ, ಹುಳದ ಬಣ್ಣ. ಹತ್ತಿಯೊಳಗೆ ಕೂತು ಗಿಡದ ರಸ ಹೀರುವ ಸಣ್ಣ ಹುಳ ಅದು. ಕೆಂಪು ಬಣ್ಣದ ವ್ಯಾಪಾರಕ್ಕೆಂದು 1795ರಲ್ಲಿ ಬ್ರೆಜಿಲ್‌ನಿಂದ ಇದರ ಒಂದು ಜಾತಿಯನ್ನು ನಮ್ಮ ದೇಶಕ್ಕೆ ತಂದರು. ಬಂದದ್ದು ತಪ್ಪು ಜಾತಿ. ಒಳ್ಳೆಯ ಬಣ್ಣ ಸಿಗಲಿಲ್ಲ, ಬದಲಿಗೆ ಅದು ಇಲ್ಲಿ ಹಬ್ಬಿದ್ದ ಒಂದು ಬಗೆಯ ಪಾಪಾಸುಕಳ್ಳಿಯನ್ನೇ ತಿಂದು ಮುಗಿಸಿತು. ಆ ಎಲೆಗಳನ್ನು ಅಡುಗೆಗೆ ಬಳಸಬೇಡಿ, ಕತ್ತರಿಸಿ ದೂರ ಹಾಕಿ.

ಬೆರಳನ್ನು ಉಜ್ಜಬೇಡಿ, ಉಜ್ಜಿದಷ್ಟೂ ಮುಳ್ಳು ಮುರಿದು ಒಳಗೆ ಹೋಗುತ್ತದೆ. ಹಗಲು ಬೆಳಕಿಗೆ ಬಂದು, ಕಾಣುವಷ್ಟನ್ನು ಚಿಮಟದಲ್ಲಿ ಕೀಳಿ. ಉಳಿದದ್ದಕ್ಕೆ ಮಕ್ಕಳು ಶಾಲೆಗೆ ಒಯ್ಯುವ ಬಿಳಿ ಅಂಟನ್ನು ತೆಳ್ಳಗೆ ಸವರಿ, ಮೇಲೆ ಒಂದು ತೆಳು ಬಟ್ಟೆ ಒತ್ತಿ, ಅರ್ಧ ಗಂಟೆ ಒಣಗಲು ಬಿಟ್ಟು ಮೆಲ್ಲಗೆ ಸುಲಿಯಿರಿ. ಮುಳ್ಳು ಅಂಟಿನ ಜೊತೆ ಬರುತ್ತದೆ. ನಿಮಗೂ ಶುಗರ್ ಇದ್ದರೆ ಎರಡು ದಿನ ಆ ಜಾಗ ನೋಡುತ್ತಿರಿ, ಕೆಂಪಗೆ ಊದಿಕೊಂಡರೆ ಡಾಕ್ಟರಿಗೆ ತೋರಿಸಿ.