ಹಳೆಯ ಲ್ಯೂಟ್ ಟ್ಯಾಬ್ಲೇಚರ್‌ಗಳಲ್ಲಿ ಮೊದಲು ಯಾವುದನ್ನು ಕಲಿಯಬೇಕು?

ವೀಣೆಯಂತೆ ಮೆಟ್ಟಿಲುಗಳಿರುವ ಯುರೋಪಿನ ತಂತಿವಾದ್ಯ ಲ್ಯೂಟ್‌ನ ಸಂಗೀತವನ್ನು ಮೂಲ ಪ್ರತಿಗಳಿಂದಲೇ ನುಡಿಸಲು ಬಯಸಿರುವ ನೀವು ಇಟಾಲಿಯನ್, ಫ್ರೆಂಚ್, ಜರ್ಮನ್ ಟ್ಯಾಬ್ಲೇಚರ್‌ಗಳಲ್ಲಿ (ಅಂದರೆ ವಾದ್ಯದ ಲಿಪಿಗಳಲ್ಲಿ) ಯಾವುದರಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಫ್ರೆಂಚ್ ಪದ್ಧತಿಯಿಂದ ಎಂಬುದು ನನ್ನ ಉತ್ತರ.

ನಮ್ಮ ಸರಿಗಮ ಲಿಪಿ ಸ್ವರವನ್ನು ಹೇಳಿ, ಅದನ್ನು ವೀಣೆಯ ಯಾವ ತಂತಿಯ ಯಾವ ಮೆಟ್ಟಿಲಲ್ಲಿ ನುಡಿಸಬೇಕೆಂಬುದನ್ನು ವಾದಕರಿಗೆ ಬಿಡುತ್ತದೆ. ಟ್ಯಾಬ್ಲೇಚರ್ ತಂತಿಯನ್ನೂ ಮೆಟ್ಟಿಲನ್ನೂ ಹೇಳುತ್ತದೆ, ಸ್ವರದ ಹೆಸರನ್ನು ಮಾತ್ರ ಹೇಳುವುದಿಲ್ಲ. ಫ್ರೆಂಚ್ ಪದ್ಧತಿಯಲ್ಲಿ ಒಂದೊಂದು ಗೆರೆಯೂ ಒಂದೊಂದು ತಂತಿ. ಮೇಲಿನ ಗೆರೆ ತಾರದ ತಂತಿ. ಮೆಟ್ಟಿಲು ಒತ್ತದೆ ನುಡಿಸುವುದಕ್ಕೆ ‘ಎ’, ಮೊದಲ ಮೆಟ್ಟಿಲಿಗೆ ‘ಬಿ’, ಎರಡನೆಯದಕ್ಕೆ ‘ಸಿ’. (ಹಳೆಯ ಪ್ರತಿಗಳಲ್ಲಿ ಈ ‘ಸಿ’ ಹಲವೆಡೆ ‘ಆರ್’ನಂತೆ ಕಾಣುತ್ತದೆ.) 1507ರಲ್ಲಿ ವೆನಿಸ್‌ನಲ್ಲಿ ಪೆಟ್ರೂಚ್ಚಿ ಮುದ್ರಿಸಿದ ಲ್ಯೂಟ್ ಪುಸ್ತಕಗಳಲ್ಲಿರುವ ಇಟಾಲಿಯನ್ ಪದ್ಧತಿ ಅಕ್ಷರದ ಬದಲು ಅಂಕಿಗಳನ್ನು ಬಳಸುತ್ತದೆ, ವಾದ್ಯವನ್ನು ಹಿಡಿದಾಗ ಮಂದ್ರದ ತಂತಿ ಮೇಲೆ ಬರುವಂತೆಯೇ ಇಲ್ಲಿ ಮೇಲಿನ ಗೆರೆ ಮಂದ್ರದ್ದು.

ಜರ್ಮನ್ ಪದ್ಧತಿಯಲ್ಲಿ ಗೆರೆಗಳೇ ಇಲ್ಲ. ನ್ಯೂರೆಂಬರ್ಗಿನ ಅಂಧ ಆರ್ಗನ್ ವಾದಕ ಕೊನ್ರಾಡ್ ಪೌಮನ್ ಇದನ್ನು ರೂಪಿಸಿದರೆಂದು ಹೇಳುವುದುಂಟು. ಮಂದ್ರದಿಂದ ತಾರದವರೆಗಿನ ಐದು ತಂತಿಗಳನ್ನು ಮೆಟ್ಟಿಲು ಒತ್ತದೆ ನುಡಿಸುವುದಕ್ಕೆ 1ರಿಂದ 5. ಬಳಿಕ ಮೊದಲ ಮೆಟ್ಟಿಲಿನ ಉದ್ದಕ್ಕೂ ಐದು ಅಕ್ಷರ, ಎರಡನೆಯದರ ಉದ್ದಕ್ಕೂ ಮುಂದಿನ ಐದು. ಹೀಗೆ 23 ಅಕ್ಷರಗಳೂ ಎರಡು ಹೆಚ್ಚುವರಿ ಚಿಹ್ನೆಗಳೂ ಐದನೆಯ ಮೆಟ್ಟಿಲಿನಲ್ಲಿ ಮುಗಿಯುತ್ತವೆ. ತಾರದಿಂದ ಎಣಿಸಿದರೆ ಮೂರನೆಯ ತಂತಿಯ ಎರಡನೆಯ ಮೆಟ್ಟಿಲು ಫ್ರೆಂಚಿನಲ್ಲಿ ಮೂರನೆಯ ಗೆರೆಯ ‘ಸಿ’, ಆರು ಗೆರೆಗಳ ಇಟಾಲಿಯನ್ನಿನಲ್ಲಿ ಮೇಲಿನಿಂದ ನಾಲ್ಕನೆಯ ಗೆರೆಯ ‘2’, ಜರ್ಮನ್ನಿನಲ್ಲಿ ಬರಿಯ ‘ಎಚ್’. ಲೆಕ್ಕವೆಲ್ಲ ಐದು ತಂತಿಗಳ ಲ್ಯೂಟಿಗೆ ಹಾಕಿದ್ದು; ಮಂದ್ರದ ಕಡೆಗೆ ಆರನೆಯ ತಂತಿ ಸೇರಿದಾಗ ಅದಕ್ಕೆ ಅಕ್ಷರ ಉಳಿದಿರಲಿಲ್ಲ, ಒಬ್ಬೊಬ್ಬ ಗ್ರಂಥಕರ್ತನೂ ತನ್ನದೇ ಗುರುತುಗಳನ್ನು ಹೂಡಿದ. ಜಾಣತನದ ಲಿಪಿ ನಿಜ, ಆದರೆ ಹೊಸಬರಿಗೆ ನಾನು ಸೂಚಿಸಲಾರೆ.

ಫ್ರೆಂಚ್ ಪದ್ಧತಿ ಕಲಿತವರಿಗೆ 1529ರಲ್ಲಿ ಪ್ಯಾರಿಸ್ಸಿನ ಅತೆನ್ಯಾಂ ಮುದ್ರಿಸಿದ ಪುಸ್ತಕದಿಂದ ಹಿಡಿದು 1750ರಲ್ಲಿ ತೀರಿಕೊಂಡ ಜರ್ಮನ್ ವಾದಕ ವೈಸ್‌ನ ಕೃತಿಗಳವರೆಗೂ ದಾರಿ ತೆರೆಯುತ್ತದೆ. ಬಳಿಕ ಇಟಾಲಿಯನ್ ಓದಲು ಗೆರೆಗಳ ಕ್ರಮವನ್ನು ತಲೆಕೆಳಗು ಮಾಡಿಕೊಂಡರೆ ಬಹುಪಾಲು ಸಾಕು. ಆದರೆ ಸ್ಪೇನಿನ ಲೂಯಿಸ್ ಮಿಲಾನ್ 1536ರ ತನ್ನ ವಿಹುವೆಲಾ (ಗಿಟಾರಿನಂಥ ತಂತಿವಾದ್ಯ) ಪುಸ್ತಕದಲ್ಲಿ ಅಂಕಿಗಳನ್ನೇ ಬಳಸಿಯೂ ತಾರದ ತಂತಿಯನ್ನು ಮೇಲಿಟ್ಟಿದ್ದಾನೆ.

ಮೂರರಲ್ಲೂ ಕಾಲವನ್ನು ಮೇಲಿನ ಬಾಲದ ಚಿಹ್ನೆಗಳು ತೋರಿಸುತ್ತವೆ. ಅವು ಮುಂದಿನ ಮೀಟು ಯಾವಾಗ ಎಂಬುದನ್ನಷ್ಟೇ ಹೇಳುತ್ತವೆ. ಮಂದ್ರದ ಸ್ವರ ಎಷ್ಟು ಹೊತ್ತು ಮೊಳಗಬೇಕೆಂಬುದನ್ನು ನೀವೇ ನಿರ್ಧರಿಸಬೇಕಾದ್ದರಿಂದ, ಬೇರೆಡೆ ಅಗತ್ಯ ಬೀಳುವವರೆಗೆ ಎಡಗೈ ಬೆರಳನ್ನು ತಂತಿಯಿಂದ ಎತ್ತದಿರುವುದನ್ನು ಆರಂಭದಿಂದಲೇ ರೂಢಿಸಿಕೊಳ್ಳಿ.